ಹತ್ತೊಂಬತ್ತರ ಲೆಕ್ಕ

ನನ್ನ ಟ್ರಂಕು ಕಟ್ಟೆಯ ಮೇಲೆ ಬಂದು ಕೂತಿತ್ತು. ತಂದಿಟ್ಟವರು ಸೋದರಮಾವ ಶೇಷಗಿರಿ. ಲೆಕ್ಕ ಇನ್ನೂ ಮುಗಿದಿಲ್ಲ, ನಾನು ಸೋಲುತ್ತೇನೆಂದು ಇವರಿಗೆ ಅಷ್ಟು ಭರವಸೆ. ನನಗೆ ಮೈಯೆಲ್ಲ ಉರಿಯಿತು.

"ಹನ್ನೊಂದಕ್ಕ ದೇವದುರ್ಗದ ಬಸ್ಸದ ಅಹಲ್ಯಾ," ಎಂದರು ಮಾಮಾ. "ಮಾಸ್ತರು ಹ್ಞೂಂ ಅಂದ್ರ ಇರು. ಇಲ್ಲಾಂದ್ರ ನಡಿ, ಮನ್ಯಾಗ ಒಲಿ ಅದ, ನೀನಿದ್ದಿ."

ಗಂಡ ತೀರಿಕೊಂಡ ಮೇಲೆ ದೇವದುರ್ಗದ ಆ ಒಲೆಯ ಮುಂದೆಯೇ ಬೆಂದವಳು ನಾನು. ಮೆಟ್ರಿಕ್ ಪಾಸಾದರೆ ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರ ಕೆಲಸ ಸಿಗುವುದಿತ್ತು. ಅದಕ್ಕೇ ರಾಯಚೂರಿಗೆ, ಅವ್ವನ ತಂಗಿ ಮೌಶಿಯ ಮನೆಗೆ ಬಂದು ಓದುತ್ತಿದ್ದೆ. ನಿಜಾಮರ ರಾಜ್ಯ, ಪರೀಕ್ಷೆಯೆಲ್ಲ ಉರ್ದುವಿನಲ್ಲಿ. ನಾನು ಅದಕ್ಕೆ ತಯಾರೋ ಅಲ್ಲವೋ ಎಂದು ನನಗೆ ಪಾಠ ಹೇಳುತ್ತಿದ್ದ ಕುತುಬುದ್ದೀನ್ ಮಾಸ್ತರರು ಇವತ್ತು ಹೇಳಬೇಕಿತ್ತು.

ರೇಖಾಗಣಿತದಲ್ಲಿ ಅವರದು ತಕರಾರಿರಲಿಲ್ಲ. ತ್ರಿಕೋನದ ಎರಡು ಕೋನ ಸಮ ಎಂದು ಸಾಧಿಸು ಎಂದರೆ ಸಾಧಿಸಿಬಿಡುತ್ತಿದ್ದೆ. ಬೀಜಗಣಿತ ಬಂತೆಂದರೆ ಎಡವಟ್ಟು. ಮಾನವಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಅಣ್ಣ ವಾದಿರಾಜ ಧಾರವಾಡದಿಂದ ಕನ್ನಡ ಪುಸ್ತಕ ತರಿಸಿ ಕಲಿಸಿದಾಗ ಒಂದೂ ತಪ್ಪುತ್ತಿರಲಿಲ್ಲ. ಇಲ್ಲಿ ಉರ್ದು ಬೀಜಗಣಿತದಲ್ಲಿ 'ಎಕ್ಸ್' ಹೋಗಿ 'ಲಾ' ಆಗಿತ್ತು. ಲಾ ಎಂದರೆ ಉರ್ದುವಿನಲ್ಲಿ ತಾ ಎಂದೂ ಅರ್ಥ. ತಾ ತಾ ಎಂದರೆ ಎಲ್ಲಿಂದ ತರಲಿ?

ಮಾಸ್ತರರು ಪಾಟಿಯ ಮೇಲೆ ಕೊನೆಯ ಲೆಕ್ಕ ಬರೆದರು. ಮೂರು ಲಾ, ಎಂಟು, ಹತ್ತೊಂಬತ್ತು. ನಡುವೆ ಒಂದು ಕಳೆಯುವ ಗೆರೆ, ಒಂದು ಸಮದ ಗುರುತು. ನಾನು ಬಿಡಿಸಿ ಕೊಟ್ಟೆ. ಅವರು ಕೊನೆಯ ಸಾಲಷ್ಟೇ ನೋಡಿ ತಲೆಯಾಡಿಸಿದರು.

"ಗಲತ್. ಒಂಬತ್ತು ಬರಬೇಕಿತ್ತು, ಬಾಯಿ. ನೀವು ಮೈನಸ್ ಹನ್ನೊಂದರ ಮೂರನೇ ಪಾಲು ತಂದೀರಿ."

ಮಾಮಾ ಟ್ರಂಕಿನ ಹಿಡಿಕೆಗೆ ಕೈ ಹಾಕಿದರು.

"ಕೈ ತಗೀರಿ ಮಾಮಾ," ಎಂದೆ. "ಮಾಸ್ತರ್, ಉತ್ತರ ನೋಡಬ್ಯಾಡ್ರಿ, ಹೆಜ್ಜಿ ನೋಡ್ರಿ. ಯಾವ ಹೆಜ್ಜಿ ತಪ್ಪ್ಯದ ತೋರಿಸ್ರಿ. ತೋರಿಸೋತನಕಾ ನಾ ಏಳಂಗಿಲ್ಲ."

ಪಾಟಿ ಕಸಿದುಕೊಂಡು ಬೆರಳಿಟ್ಟು ಓದಿದೆ. "ಹತ್ತೊಂಬತ್ತು ಅಂದ್ರ ಎಂಟರಾಗ ಮೂರು ಲಾ ಕಳದದ್ದು. ಎಂಟು ಈ ಕಡಿ ತಂದೆ, ಹನ್ನೊಂದು ಉಳೀತು. ಆ ಕಡಿ ಮೈನಸ್ ಮೂರು ಲಾ. ನಿಮ್ಮ ಒಂಬತ್ತು ಹಾಕಿದ್ರ ಎಂಟರಾಗ ಇಪ್ಪತ್ತೇಳು ಹೋಗಿ ಮೈನಸ್ ಹತ್ತೊಂಬತ್ತು ಬರ್ತದ. ಗಲತ್ ನಿಮ್ಮದ."

"ಎಂಟರಾಗ?" ಮಾಸ್ತರರು ಕನ್ನಡಕ ಮೇಲೇರಿಸಿದರು. "ಎಂಟರಾಗ ಎಲ್ಲದ? ಮೂರು ಲಾದಾಗ ಎಂಟು ಕಳೀಬೇಕಲ್ಲ."

ಅವರ ಬೆರಳು ಪಾಟಿಯ ಬಲತುದಿಯಲ್ಲಿತ್ತು. ನನ್ನದು ಎಡತುದಿಯಲ್ಲಿ.

ಆಗ ನನಗೆ ಹೊಳೆಯಿತು. ಉರ್ದು ಅಕ್ಷರಗಳನ್ನು ಬಲದಿಂದ ಓದುವುದು ನನಗೆ ರೂಢಿಯಾಗಿತ್ತು. ಆದರೆ ಅದೇ ಉರ್ದುವಿನಲ್ಲಿ ಹತ್ತೊಂಬತ್ತನ್ನು ಎಡದಿಂದಲೇ, ಮೊದಲು ಒಂದು, ಆಮೇಲೆ ಒಂಬತ್ತು ಎಂದೇ ಓದುತ್ತಾರೆ. ಹಾಗಾಗಿ ಇಡೀ ಲೆಕ್ಕವೇ ಎಡದಿಂದ ಎಂದು ತಿಳಿದಿದ್ದೆ; ಮಾಸ್ತರರು ಲೆಕ್ಕದ ಸಾಲು ಬರೆಯುತ್ತಿದ್ದದ್ದು ಬಲದಿಂದ. ತ್ರಿಕೋನಕ್ಕೆ ಎಡಬಲ ಯಾರು ಕೇಳುತ್ತಾರೆ, ಅಲ್ಲಿ ಪಾಸು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಪಾಟಿ ಒರೆಸಿ ಬಲದಿಂದ ಹಿಡಿದೆ. ಮೂರು ಲಾದಲ್ಲಿ ಎಂಟು ಕಳೆದರೆ ಹತ್ತೊಂಬತ್ತು. ಎರಡೂ ಕಡೆ ಎಂಟು ಕೂಡಿಸಿದರೆ ಮೂರು ಲಾ ಅಂದರೆ ಇಪ್ಪತ್ತೇಳು. ಮೂರರಿಂದ ಭಾಗಿಸಿದರೆ ಲಾ ಒಂಬತ್ತು. ಮಾಸ್ತರರು ಇನ್ನೂ ಬಿಗಿಯಾದ ಲೆಕ್ಕ ಕೊಟ್ಟರು. ಅದೂ ಬಂತು.

"ಇಷ್ಟು ದಿನ ಈಕಿ ಹೆಜ್ಜಿ ತಪ್ಪಿಲ್ಲ, ರಾಯರ," ಎಂದರು ಮಾಮಾನ ಕಡೆ ತಿರುಗಿ. "ನಾ ಬರದ ಲೆಕ್ಕಾನೇ ಬ್ಯಾರೆ, ಈಕಿ ಬಿಡಿಸಿದ ಲೆಕ್ಕಾನೇ ಬ್ಯಾರೆ."

"ಅದೆಲ್ಲಾ ಇರಲ್ರಿ. ಹ್ಞೂಂ ಅಂತೀರೋ ಇಲ್ಲೋ? ಬಸ್ಸಿಗೆ ಹೊತ್ತಾತು."

"ಹ್ಞೂಂ."

ಮಾಮಾ ಟ್ರಂಕನ್ನೂ ನನ್ನನ್ನೂ ನೋಡಿದರು. "ಹಂಗಾದ್ರ ಊರಾಗ ಏನಂತ ಹೇಳ್ಲಿ?"

ನಾನು ಟ್ರಂಕನ್ನು ಒಳಗೆ ಎಳೆದುಕೊಂಡೆ.

"ಬರ್ತಾಳಂತ ಹೇಳ್ರಿ. ಒಲಿ ಮುಂದ ಕೂಡ್ಲಿಕ್ಕಲ್ಲ, ಅಕ್ಕೋರಾಗಿ ಬರ್ತಾಳಂತ ಹೇಳ್ರಿ."