ತಗ್ಗುವ ಸೀಟು

ಅಣ್ಣ ಗುಡ್ಡದ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ಸೊಂಟ ಮುರಿದುಕೊಂಡು ಎಂಟು ತಿಂಗಳಾಗಿತ್ತು. ಮೂಳೆಯೇನೋ ಕೂಡಿಕೊಂಡಿತು, ಬಲಗಾಲು ಮಾತ್ರ ತೊಡೆಯೆತ್ತರಕ್ಕಿಂತ ಮೇಲೆ ಏಳಲೊಲ್ಲದು. ಹಾಗಿದ್ದಮೇಲೆ ಅಷ್ಟೆತ್ತರದ ಸೀಟಿನಾಚೆಗೆ ಕಾಲು ಹಾಯಿಸುವ ಮಾತೆಲ್ಲಿ ಬಂತು?

“ಮಾರಿಬಿಡು ಅದನ್ನ,” ಅಂದಿದ್ದ ತಂಗಿಗೆ. ಗುಡ್ಡ ಅಂದರೆ ಊಟ ನಿದ್ದೆ ಬಿಡುತ್ತಿದ್ದವನ ಬಾಯಲ್ಲಿ ಆ ಮಾತು!

ತಂಗಿ ಸೈಕಲ್ ಮೆಕ್ಯಾನಿಕ್. ಮಾರುವುದಿರಲಿ, ಒಂದು ಡ್ರಾಪರ್ ತಂದು, ಅಮ್ಮನ ಹೊಲಿಗೆ ಕೋಣೆಯಲ್ಲೇ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದಳು. ಡ್ರಾಪರ್ ಅಂದರೆ ಏರಿಳಿಯುವ ಸೀಟಿನ ಕಂಬ. ಹ್ಯಾಂಡಲ್ ಪಕ್ಕದ ಲಿವರನ್ನು ಹೆಬ್ಬೆರಳಿನಿಂದ ಒತ್ತಿಕೊಂಡು ಸೀಟನ್ನು ಅದುಮಿದರೆ ಗೇಣುದ್ದ ತಗ್ಗುತ್ತದೆ. ಭಾರ ತೆಗೆದು ಮತ್ತೆ ಒತ್ತಿದರೆ ತಾನೇ ಮೇಲೇಳುತ್ತದೆ. ಸೀಟು ತಗ್ಗಿದರೆ ಅಣ್ಣ ಹತ್ತುತ್ತಾನೆ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಆದರೆ ಲಿವರಿನಿಂದ ಕಂಬದ ಬುಡಕ್ಕೆ ಹೋಗುವ ಕೇಬಲ್ ಹೊರಗೆ ಕಾಣುವಂತಿಲ್ಲ. ಹ್ಯಾಂಡಲ್ ಕೆಳಗಿನ ತೂತಿನಲ್ಲಿ ಇಳಿದು, ಪೆಡಲ್ ಹತ್ತಿರ ತಿರುಗಿ, ಸೀಟಿನ ಕೊಳವೆಯೊಳಗಿಂದ ಮೇಲೆ ಬರಬೇಕು. ಬೆಳಗಿನಿಂದ ತುರುಕಿದ್ದೇ ತುರುಕಿದ್ದು. ಆ ತಿರುವಿಗೆ ಬಂದ ಕೂಡಲೇ ಜಪ್ಪಯ್ಯ ಅಂದರೂ ಮುಂದೆ ಹೋಗದು. ಹದಿನಾರು ವರ್ಷ ಸೈಕಲ್ ಬಿಚ್ಚಿ ಜೋಡಿಸಿದವಳು ಕೈಚೆಲ್ಲಿ ಕೂತಳು.

ಹೊಲಿಗೆ ಮೆಷಿನ್ ಮುಂದಿದ್ದ ಅಮ್ಮ ಕನ್ನಡಕ ಸರಿಸಿದಳು. “ಆಗಿಂದ ನೋಡ್ತಿದೀನಿ, ದೂಡ್ತಾನೇ ಇದೀಯ. ಎಳೀಬೇಕು ಕಣೆ.”

“ಎಳೆಯೋಕೆ ಆ ಕಡೆ ತುದಿ ಬರಬೇಕಲ್ಲಮ್ಮಾ!”

ಅಮ್ಮ ಮೂಲೆಯಲ್ಲಿದ್ದ ವ್ಯಾಕ್ಯೂಮ್ ಕ್ಲೀನರಿನತ್ತ ಕೈ ತೋರಿದಳು. “ಚಿಂದಿ ನುಂಗೋ ಈ ವ್ಯಾಕ್ಯೂಮ್ ಒಂದು ದಾರ ನುಂಗಲ್ವಾ?”

ತಂಗಿ ಕಣ್ಣು ಕಣ್ಣು ಬಿಟ್ಟಳು. ಅಮ್ಮ ನೀಲಿ ದಾರದ ತುದಿಗೆ ಹತ್ತಿಯ ಸಣ್ಣ ತುಣುಕೊಂದನ್ನು ಕಟ್ಟಿ ಹ್ಯಾಂಡಲ್ ಕೆಳಗಿನ ತೂತಿಗಿಟ್ಟಳು. ತಂಗಿ ವ್ಯಾಕ್ಯೂಮಿನ ಮೂತಿಯನ್ನು ಸೀಟಿನ ಕೊಳವೆಯ ಬಾಯಿಗೆ ಒತ್ತಿ ಹಿಡಿದು ಸ್ವಿಚ್ ಹಾಕಿದಳು. ಅಮ್ಮನ ಬೆರಳಲ್ಲಿದ್ದ ದಾರದುಂಡೆ ಗಿರ್ರನೆ ತಿರುಗಿತು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಕತ್ತಲೆಯ ಆ ದಾರಿಯನ್ನೆಲ್ಲ ಸುತ್ತಿ ದಾರ ಈಚೆ ಬಂದಿತ್ತು!

“ಅಬ್ಬಾ!” ಅಂದಳು ತಂಗಿ. ಸೈಕಲ್ ಹತ್ತದ ಅಮ್ಮ, ಕೂತಲ್ಲಿಂದಲೇ ಅದರ ಹೊಟ್ಟೆಯೊಳಗನ್ನು ಕಂಡುಬಿಟ್ಟಿದ್ದಳಲ್ಲ! ಕೇಬಲ್ಲನ್ನು ದಾರಕ್ಕೆ ಕಟ್ಟಿ ಎಳೆದರೆ, ತಿರುವಿನಲ್ಲಿ ಒಮ್ಮೆ ತಡೆದು, ಸರಾಗ ಬಂದೇಬಿಟ್ಟಿತು.

ಅಣ್ಣನ ಹಳೆಯ ಸೀಟಿನೆತ್ತರವನ್ನೇ ಅಳೆದು ಕಂಬ ಕೂರಿಸಿ ಅವನನ್ನು ಕರೆದಳು. ಅವನು ಗೊಣಗುತ್ತಲೇ ಬಂದ. ಲಿವರ್ ಒತ್ತಿ ಸೀಟನ್ನು ಅದುಮಿದ. ಸುಯ್ಯೆಂದು ತಗ್ಗಿತು. ಅವನ ಗೊಣಗಾಟ ನಿಂತಿತು. ನಿಧಾನವಾಗಿ ಬಲಗಾಲನ್ನು ಆಚೆ ಹಾಯಿಸಿದ. ಸಾಧ್ಯವಾಯಿತು! ಗೋಡೆ ಹಿಡಿದು ಸೀಟನ್ನು ಪೂರ್ತಿ ಏರಿಸಿ ಕೂತ. ಎಡಗಾಲು ಪೆಡಲಿಗೆ ಸಿಕ್ಕಿತು. ಪೆಡಲ್ ತಿರುಗಿಸಿ ಬಲಗಾಲು ಚಾಚಿದರೆ, ಪೆಡಲ್ ಎರಡು ಬೆರಳಷ್ಟು ಕೆಳಗೇ ಉಳಿಯಿತು.

ತಂಗಿ ಟೇಪು ಹಿಡಿದು ಮತ್ತೊಮ್ಮೆ ಅಳೆದಳು, ಸೀಟು ಹಳೆಯ ಎತ್ತರದಲ್ಲೇ ಇತ್ತು. ಅಳತೆ ತಪ್ಪುವವಳಲ್ಲ ಅವಳು.

“ಕಾಲೇ ಗಿಡ್ಡ ಆಗಿದೆ ಕಣೆ,” ಅಂದ ಅಣ್ಣ, ತಲೆ ತಗ್ಗಿಸಿ. “ಶೂ ಒಳಗೆ ರಟ್ಟು ಮಡಚಿಟ್ಟು ನಡೀತಿದ್ದೆ. ಈಗ ಬರೀ ಚಪ್ಪಲಿ. ಅಮ್ಮಂಗೆ ಹೇಳೋಕೆ ಬಾಯಿ ಬರಲಿಲ್ಲ. ಬಿಡು, ಮಾರಿಬಿಡು.”

ಎಂಟು ತಿಂಗಳು ಒಂದೇ ಸೂರಿನಡಿ! ತಂಗಿಗೆ ಅಳು ಉಕ್ಕಿ ಬಂತು, ಸಿಟ್ಟೂ ಬಂತು. ಅಮ್ಮ ಮಾತ್ರ ಮುಖ ತಿರುವದೆ ಅಂದಳು:

“ಕಾಲು ಗಿಡ್ಡ ಆದ್ರೆ ಸೀಟು ಗಿಡ್ಡ ಮಾಡಿ. ಪ್ಯಾಂಟು ಮಡಚಿ ಹೊಲಿಯೋದಿಲ್ವಾ? ಇಳಿಯೋ ಕೆಳಗೆ.”

ತಂಗಿ ಬೋಲ್ಟು ಸಡಿಲಿಸಿ ಕಂಬವನ್ನು ಎರಡು ಬೆರಳು ಕೆಳಗೆ ದೂಡಿದಳು. ಒಳಗೆ ಕೇಬಲ್ ಮಡಚಿಕೊಳ್ಳದಂತೆ ಅಮ್ಮ ಹ್ಯಾಂಡಲ್ ಕಡೆಯಿಂದ ಹದವಾಗಿ ಎಳೆದಳು. ಮತ್ತೆ ಬಿಗಿದರು.

ಈ ಸಲ ಅಂಗಳದಲ್ಲಿ ಅಣ್ಣ ಹತ್ತಿ ಕೂತ. ಎರಡೂ ಪಾದ ಪೆಡಲಿಗೆ ಸಿಕ್ಕವು. ಒಂದು ಸುತ್ತು ಹೊಡೆದ. ಎರಡನೆಯ ಸುತ್ತಿಗೆ ತಿರುಗಲೇ ಇಲ್ಲ, ಗೇಟು ದಾಟಿ ಗುಡ್ಡದ ಕಡೆಗೆ ಹೊರಟೇಬಿಟ್ಟ.

“ಎಲ್ಲಿಗೋ?” ಕೂಗಿದಳು ಅಮ್ಮ.

“ಬರ್ತೀನಮ್ಮಾ! ಊಟಕ್ಕೆ ಕಾಯಬೇಡಿ!”

ಮೊದಲೆಲ್ಲ ಈ ಮಾತು ಕೇಳಿದರೆ ಅಮ್ಮ ಉರಿದುಬೀಳುತ್ತಿದ್ದಳು. ಇವತ್ತು ಗೇಟಿಗೆ ಒರಗಿ ನಿಂತು, “ಇನ್ನೊಂದ್ಸಲ ಹೇಳೋ,” ಅಂದಳು. ಅವನಿಗೆ ಕೇಳಿಸಲಿಲ್ಲ.