ನೀರಿಗಿಳಿಯುವ ದೃಶ್ಯ

ಬೆಟ್ಟಸ್ವಾಮಿಯ ಬಾಯಿ ತೆರೆದುಕೊಳ್ಳದಂತೆ ತಮ್ಮ ಚಿಕ್ಕಸ್ವಾಮಿ ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟುತ್ತಿದ್ದ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಬಳಿದಾಗಿತ್ತು. ನಂಜನಗೂಡು ಬಸ್‌ಸ್ಟ್ಯಾಂಡಿನ ಎದುರು ಟೀ ಮಾರಿಕೊಂಡಿದ್ದವನು ನಿನ್ನೆ ಕೆಟಲ್ ಹಿಡಿದುಕೊಂಡೇ ಅಂಗಡಿಯಲ್ಲಿ ಕುಸಿದಿದ್ದ.

"ಆ ಪಿಚ್ಚರ್‌ನಲ್ಲಿ ಬಿದ್ದಂಗೇಯ," ಎಂದಳು ಪಕ್ಕದ ಮನೆಯ ಪುಟ್ಟಮಾದಮ್ಮ.

"ಸುಮ್ಕಿರಕ್ಕ," ಎಂದ ಚಿಕ್ಕಸ್ವಾಮಿ. ಹಾಕಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ.

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಇಳಿದವನು ಮದನ್, ದೇಶವಿದೇಶದಲ್ಲಿ ಹೆಸರು ಮಾಡಿದ ನಿರ್ದೇಶಕ. ಹಿಂದೆ ಇದೇ ಮನೆಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದವನು. ಜನ ಹೆಣವನ್ನು ಬಿಟ್ಟು ಅವನ ಕಡೆ ತಿರುಗಿದರು. ನಾಚಿಕೆಗೇಡು, ಆದರೂ ತಿರುಗಿದರು. ಬೆಟ್ಟಸ್ವಾಮಿಯ ಹೆಂಡತಿ ಸಿದ್ದಲಿಂಗಮ್ಮ ಮಾತ್ರ ಹತ್ತೊಂಬತ್ತರ ಮಗಳು ಶ್ವೇತಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

*

1997ರಲ್ಲಿ ಮದನ್ ವಿಡಿಯೋ ಕ್ಯಾಮೆರಾ ಬೇಡಿ ತಂದು ಕಿರುಚಿತ್ರ ತೆಗೆಯುತ್ತಿದ್ದ. ಮನೆಯವರೇ ನಟರು. ಮೊದಲನೆಯದರಲ್ಲಿ ಬೆಟ್ಟಸ್ವಾಮಿಯ ತಾಯಿ ಕೆಂಪಾಜಮ್ಮ ಜಗಲಿಯ ಮೇಲೆ ಕೂತಲ್ಲೇ ಸಾಯುತ್ತಾಳೆ. ಮುಂದಿನ ತಿಂಗಳು ಮುದುಕಿ ಅದೇ ಜಗಲಿಯಲ್ಲಿ ಕೂತಲ್ಲೇ ಕಣ್ಣು ಮುಚ್ಚಿದಳು. ವಯಸ್ಸಾಗಿತ್ತು ಎಂದರು ಎಲ್ಲರೂ.

ಎರಡನೆಯದರಲ್ಲಿ ಸಾಯುವ ಸರದಿ ಬೆಟ್ಟಸ್ವಾಮಿಯದು. ಬೇಡವೆಂದು ಸಿದ್ದಲಿಂಗಮ್ಮ ಗೋಗರೆದಳು.

"ಕನಸಲ್ಲಿ ಸತ್ತಂಗೆ ಕಣಮ್ಮಿ ಇದು, ಆಯಸ್ಸು ಜಾಸ್ತಿ ಆಯ್ತದೆ," ಎಂದು ಅವನು ನಕ್ಕ. ಕೆಟಲ್ ಸಮೇತ ಮತ್ತೆ ಮತ್ತೆ ಬಿದ್ದ. ಮೊಣಕೈ ತರಚಿ ರಕ್ತ ಬಂತು. "ಸತ್ತಂಗೆ ಕಂಡ್ನಾ ಮದನಪ್ಪ?" ಎಂದು ಕೇಳುತ್ತಲೇ ಇದ್ದ. ಪಾಪ, ಅವನನ್ನು ಯಾರಾದರೂ ಅಷ್ಟು ಹೊತ್ತು ಕಣ್ಣಿಟ್ಟು ನೋಡಿದ್ದು ಆ ಒಂದು ದಿನ ಮಾತ್ರ.

ಮೂರನೆಯದರಲ್ಲಿ ಎಂಟು ವರ್ಷದ ಶ್ವೇತ ಕಪಿಲಾ ಹೊಳೆಗೆ ಇಳಿಯುತ್ತಾಳೆ, ಮೇಲೆ ಬರುವುದಿಲ್ಲ. ಆ ದೃಶ್ಯ ತೆಗೆಯಬೇಕಾದ ದಿನ ಹೊಳೆ ತುಂಬಿ ಬಂತು. ಚಿತ್ರ ಅರ್ಧಕ್ಕೆ ನಿಂತಿತು.

*

ಮಣ್ಣು ಮಾಡಿ ಎಲ್ಲರೂ ಸ್ನಾನಕ್ಕೆ ಹೊಳೆಗೆ ಬಂದರು. ಸಿದ್ದಲಿಂಗಮ್ಮ ಮದನನ ಪಕ್ಕ ನಿಂತಳು.

"ಆ ಮೂರ್ನೇದ ಈಗ ಮುಗಿಸ್ತೀಯಂತೆ?"

"ಹೋದ ತಿಂಗಳು ಶ್ವೇತಾನೇ ಫೋನ್ ಮಾಡಿ ಮುಗಿಸಿ ಅಂತ ಕೇಳಿದ್ಳು, ಅಕ್ಕ."

"ನಂಗಿರೋಳು ಅವಳೊಬ್ಳೇ ಕಣಪ್ಪ. ಬ್ಯಾಡ."

"ಬರೀ ಸಿನಿಮಾ ಅಕ್ಕ ಅದು. ಅಣ್ಣ ಆಮೇಲೆ ಹನ್ನೊಂದು ವರ್ಷ ಬದುಕಿದ್ರಲ್ಲ."

"ಬದುಕಿದ್ರು. ಕೊನೀಗೆ ಕೆಟಲ್ ಹಿಡ್ಕಂಡೇ ಬಿದ್ರು."

ಮದನ್ ತಲೆ ತಗ್ಗಿಸಿದ. "ತೆಗೆಯಲ್ಲ ಬಿಡಿ ಅಕ್ಕ. ನಿಮ್ಮಾಣೆ." ಅವನ ಕಣ್ಣು ತುಂಬಿತ್ತು. ಆ ಗಳಿಗೆಯಲ್ಲಿ ಅವನು ಸುಳ್ಳು ಹೇಳುತ್ತಿರಲಿಲ್ಲ.

ಶ್ವೇತ ಆಗಲೇ ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿದ್ದಳು. ಸಂಜೆ ಬಿಸಿಲು ಅವಳ ಬೆನ್ನ ಮೇಲೆ ಬಿದ್ದಿತ್ತು. ಹಿಂತಿರುಗಿ ನೋಡದೆ ಇನ್ನೊಂದು ಹೆಜ್ಜೆ ಇಟ್ಟಳು. ಮದನನ ಎರಡೂ ಕೈಗಳು ತಾವಾಗಿಯೇ ಮೇಲೆದ್ದವು. ಹೆಬ್ಬೆರಳು, ತೋರುಬೆರಳು ಸೇರಿ ಕ್ಯಾಮೆರಾದ ಚೌಕಟ್ಟಾಯಿತು. ಒಂದು ಕಣ್ಣು ಮುಚ್ಚಿಕೊಂಡಿತು.

ಸಿದ್ದಲಿಂಗಮ್ಮ ಅದನ್ನು ಕಂಡಳು. ಸೀರೆ ಎತ್ತಿಕೊಳ್ಳದೆ ನೀರಿಗಿಳಿದಳು. ಮಗಳಿಗೆ ಅಡ್ಡವಾಗಿ, ಆ ಚೌಕಟ್ಟಿನ ನಟ್ಟನಡುವೆ, ಅವನಿಗೆ ಮುಖ ಕೊಟ್ಟು ನಿಂತಳು.

ಮದನನ ಕೈ ಇನ್ನೂ ಕೆಳಗಿಳಿದಿರಲಿಲ್ಲ.