ಏಳು ಬೆಳಗಿನ ನೀಲಿ

ನಡುರಾತ್ರಿ ಕಳೆದ ಮೇಲೆ ಅತ್ತೆಯ ಕೋಣೆಯಿಂದ ‘ಕಟಕ್’ ಎಂದು ಒಂದು ಸಣ್ಣ ಸದ್ದು ಬಂತು. ಹಲ್ಲಿನ ನಡುವೆ ಗಟ್ಟಿಯಾದದ್ದೇನೋ ಒಡೆದ ಸದ್ದು. ದಾಕ್ಷಾಯಣಿ ಕಂಬಳಿಯೊಳಗೆ ಉಸಿರು ಬಿಗಿಹಿಡಿದು ಕಾದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ‘ಕಟಕ್’. ಆಮೇಲೆ ಡಬ್ಬಿಯ ಮುಚ್ಚಳವನ್ನು ಯಾರಿಗೂ ಕೇಳದ ಹಾಗೆ ಮೆಲ್ಲಗೆ ಒತ್ತಿ ಕೂರಿಸಿದ ಸದ್ದು.

ಅವಳು ಏಳಲಿಲ್ಲ. ಅರವತ್ತೆರಡು ವರ್ಷದ ಹೆಂಗಸನ್ನು ನಡುರಾತ್ರಿ ದೀಪ ಹಿಡಿದು ಕಳ್ಳತನದ ಬಗ್ಗೆ ವಿಚಾರಿಸುವುದು ಅವಳಿಂದ ಆಗದ ಕೆಲಸ. ಅಲ್ಲದೆ ಸಾಕ್ಷಿಗೆ ಬೆಳಗಾದರೆ ಸಾಕಿತ್ತು.

ಬೆಳಗಾಯಿತು. ಹಿತ್ತಲ ಜಗಲಿಯ ಮೇಲೆ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ಕೊಳವೆಗೆ ಒಂದು ಚಮಚದಷ್ಟು ನೀಲಿ ಔಷಧಿ ಸುರಿದು, ಅತ್ತೆಯ ಬೆಳಗಿನ ಮೂತ್ರದ ಎಂಟು ಹನಿಯನ್ನು ಎಣಿಸಿ ಬಿಟ್ಟಳು. ಕೊಳವೆಯ ಕತ್ತಿಗೆ ಕಾಗದದ ಪಟ್ಟಿ ಸುತ್ತಿ ಉರಿಯ ಮೇಲೆ ಹಿಡಿದಳು. ಮೂತ್ರದಲ್ಲಿ ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯಬೇಕು. ಅದು ಹಸಿರಾಯಿತು, ನೋಡನೋಡುತ್ತಿದ್ದಂತೆ ಹಳದಿಯಾಯಿತು, ಕೊನೆಗೆ ಹೆಂಚಿನ ಕೆಂಪಿಗೆ ತಿರುಗಿ ನಿಂತಿತು. ಇದು ಹನ್ನೆರಡನೆಯ ಕೆಂಪು ಬೆಳಗು. ಅವಳು ಪುಸ್ತಕ ತೆಗೆದು ತಾರೀಖಿನ ಮುಂದೆ ಬಣ್ಣ ಬರೆದಳು. ಕಾರಣ ಬರೆಯುವ ಜಾಗದಲ್ಲಿ ಹಿಂದಿನ ಹನ್ನೊಂದು ದಿನ ಬರೆದದ್ದನ್ನೇ ಬರೆದಳು: ‘ಕದ್ದು ತಿಂದಿದ್ದಾರೆ.’

ಅತ್ತೆ ಗುರುಸಿದ್ದಮ್ಮನವರ ಬಲಗಣ್ಣು ಹೋಗಿ ಎಂಟು ವರ್ಷವಾಗಿತ್ತು. ಎಡಗಣ್ಣಿಗೂ ಪೊರೆ ಬಂದು ಈಗ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಊಟ, ಸ್ನಾನ, ಓಡಾಟ ಎಲ್ಲವನ್ನೂ ಗೋಡೆ ಹಿಡಿದು ಸಂಭಾಳಿಸುತ್ತಿದ್ದರು. ಅದರ ಬಗ್ಗೆ ಅವರಿಗೆ ದೂರಿರಲಿಲ್ಲ. ಪೂಜೆಗೆ ಕೂತಾಗ ಮಾತ್ರ ಎಡಗೈಯ ಮೇಲಿನ ಲಿಂಗವನ್ನು ನೋಡಲಾಗದೆ ಬಲಗೈ ಬೆರಳಿಂದ ಸವರುತ್ತ, “ಒಂದ್ಸಲ ಕಂಡ್ರೆ ಸಾಕು ಕಣಪ್ಪ” ಎನ್ನುತ್ತಿದ್ದರು. ಆ ಮಾತನ್ನು ಬಾಗಿಲಾಚೆ ನಿಂತು ಕೇಳಿಸಿಕೊಂಡ ದಿನವೇ ದಾಕ್ಷಾಯಣಿ ಅವರನ್ನು ಹೊಳೆನರಸೀಪುರದಿಂದ ಹಾಸನಕ್ಕೆ ಕರೆದುಕೊಂಡು ಹೋಗಿದ್ದಳು.

ಅಲ್ಲಿನ ಡಾಕ್ಟರ್ ರಂಗಸ್ವಾಮಿ ನೇರ ಮಾತಿನವರು. “ಸಂಕ್ರಾಂತಿಯಾದ ಹತ್ತನೇ ದಿನಕ್ಕೆ ಮೈಸೂರಿನಿಂದ ಕಣ್ಣಿನ ಡಾಕ್ಟರು ಬರ್ತಾರೆ. ಪೊರೆ ತೆಗೀತಾರೆ. ಆದರೆ ಅದಕ್ಕೆ ಮುಂಚೆ ಒಂದೇ ಸಮನೆ ಏಳು ದಿನ ಬೆಳಗಿನ ಬಣ್ಣ ನೀಲಿ, ಇಲ್ಲವೇ ತಿಳಿಹಸಿರು ಬಂದಿರಬೇಕು. ಮೈಯಲ್ಲಿ ಸಕ್ಕರೆ ಹೆಚ್ಚಿದ್ದರೆ ಗಾಯ ಮಾಯೋದಿಲ್ಲಮ್ಮ, ಕೀವಾಗುತ್ತೆ. ಕಣ್ಣು ಪೂರ್ತಿ ಹೋಗುತ್ತೆ.” ಬೆಳಿಗ್ಗೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು ಎಂದು ಸಕ್ಕರೆ ಇಳಿಸುವ ಇನ್ಸುಲಿನ್ ಸೂಜಿ ಚುಚ್ಚುವುದನ್ನು ಅವಳಿಗೇ ಕಲಿಸಿಕೊಟ್ಟಿದ್ದರು. ಮೂರು ಬೆಳಗು ಕೆಂಪು ಬಂದರೆ ರಾತ್ರಿಯ ಔಷಧಿಯನ್ನು ಸೂಜಿಯ ಪಿಚಕಾರಿಯ ಎರಡು ಗೆರೆಯಷ್ಟು ಹೆಚ್ಚಿಸಬೇಕು. ಕೈ ನಡುಗಿ ಬೆವರು ಬಂದರೆ ಸಕ್ಕರೆ ತೀರಾ ಇಳಿದಿದೆ ಎಂದರ್ಥ, ಕೂಡಲೇ ಸಿಹಿ ಕೊಡಬೇಕು.

ಎಲ್ಲವನ್ನೂ ಅವಳು ಅಕ್ಷರ ಬಿಡದೆ ಪಾಲಿಸಿದ್ದಳು. ಎರಡನೇ ಮಹಾಯುದ್ಧದ ಈ ಕಾಲದಲ್ಲಿ ಕಷ್ಟಪಟ್ಟು ತರಿಸಿದ ಔಷಧಿಯ ಸೀಸೆಯನ್ನು ನೀರಿನ ಗಡಿಗೆಯ ಕೆಳಗಿನ ಒದ್ದೆ ಮರಳಿನಲ್ಲಿ ಹೂತಿಟ್ಟಿದ್ದಳು. ಬೆಲ್ಲವನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿದಿದ್ದಳು. ಹನ್ನೆರಡು ಗೆರೆಯಿಂದ ಶುರುವಾದ ರಾತ್ರಿಯ ಔಷಧಿ ಹದಿನೆಂಟಕ್ಕೆ ಏರಿತ್ತು. ಇವತ್ತಿನ ಲೆಕ್ಕಕ್ಕೆ ಇಪ್ಪತ್ತಾಗಬೇಕು. ಬಣ್ಣ ಮಾತ್ರ ಕೆಂಪಿನಿಂದ ಕದಲಿರಲಿಲ್ಲ.

“ಅತ್ತೆ, ರಾತ್ರಿ ಏನಾದರೂ ತಿಂದಿರಾ?”

“ಏನ್ ತಿನ್ನಾನಮ್ಮಿ? ಬೆಲ್ಲದ ಬೀಗದ ಕೈ ನಿನ್ನ ಸೊಂಟದಲ್ಲೈತೆ. ನನ್ನ ಬಾಯಿಗೆ ಬೀಗ ನಿನ್ನ ಡಾಕ್ಟ್ರು ಆಕವ್ರೆ.”

“ಇವತ್ತೂ ಕೆಂಪು.”

“ನಿನ್ನ ಗಾಜಿನ ಬುಂಡೆಗೆ ನನ್ನ ಕಂಡ್ರೆ ಆಗಲ್ಲ. ಅದಕ್ಕೆ ನಾನೇನ್ ಮಾಡ್ಲಿ?” ಎಂದು ಅವರು ಮುಖ ತಿರುಗಿಸಿದರು. ತುಟಿ ನಡುಗಿದ್ದನ್ನು ದಾಕ್ಷಾಯಣಿ ಕಂಡಳು. ಸಿಕ್ಕಿಬಿದ್ದವರ ತುಟಿ ಹಾಗೆಯೇ ನಡುಗುತ್ತದೆ ಅಂದುಕೊಂಡಳು.

ಜವಳಿ ಗಂಟು ಕಟ್ಟಿಕೊಂಡು ಕೊಣನೂರು ಸಂತೆಗೆ ಹೊರಟಿದ್ದ ಗಂಡ ಪಾಲಾಕ್ಷ ನಕ್ಕ. “ಮೈಸೂರಲ್ಲಿ ಬಿ.ಎ. ಓದಿದ್ದು ಅತ್ತೆ ಹಲ್ಲಿನ ಸದ್ದು ಕೇಳೋಕಾ? ಇರೋವಷ್ಟು ದಿನ ತಿನ್ಕೊಂಡಿರಲಿ ಬಿಡೆ.”

“ಇರೋವಷ್ಟು ದಿನ ನೋಡಲೂಬೇಕಲ್ಲ” ಎಂದಳು ದಾಕ್ಷಾಯಣಿ. ಪಾಲಾಕ್ಷ ನಗು ನಿಲ್ಲಿಸಿ ಗಂಟು ಹೊತ್ತು ಹೊರಟ. ರಾತ್ರಿ ಕೊಣನೂರಿನಲ್ಲೇ ಉಳಿಯುವವನಿದ್ದ.

ಬಟ್ಟೆ ಒಗೆಯಲು ಬರುವ ಹರದನಹಳ್ಳಿಯ ಬೆಟ್ಟಮ್ಮ ಬಾವಿಕಟ್ಟೆಯಿಂದಲೇ ಕೂಗಿದಳು. “ಅಲ್ಲಾ ಕಣವ್ವ, ದೊಡ್ಡವ್ವಾರ ಸೀರೆ ದಿನಾ ಒತ್ತಾರೆ ತೊಯ್ದು ತೊಪ್ಪೆ ಆಗಿರ್ತದೆ! ಈ ಚಳೀಲಿ ನಾನು ಮೂರು ಕಂಬ್ಳಿ ಒದ್ಕಂಡ್ರೂ ನಡುಗ್ತೀನಿ. ಇವ್ರಿಗೆ ಅದ್ಯಾವ ಸೆಕೆಯೋ ಕಾಣೆ.”

“ಕಣ್ಣು ಕಾಣೋದಿಲ್ಲವಲ್ಲ ಬೆಟ್ಟಮ್ಮ, ತಂಬಿಗೆ ನೀರು ಚೆಲ್ಲಿಕೊಂಡಿರಬೇಕು.”

ಅವಳ ಮನಸ್ಸೆಲ್ಲ ಆ ಡಬ್ಬಿಯ ಮೇಲಿತ್ತು. ಅತ್ತೆ ಬಚ್ಚಲಿಗೆ ಹೋದಾಗ ಅವರ ಕೋಣೆ ಹೊಕ್ಕು ಹಾಸಿಗೆ ಕೊಡವಿದಳು, ಟ್ರಂಕಿನ ಹಿಂದೆ ನೋಡಿದಳು. ಕಡೆಗೆ ಮೂಲೆಯಲ್ಲಿದ್ದ ಪೂಜೆಯ ಹಲಗೆಯ ಕಡೆ ಕಣ್ಣು ಹೋಯಿತು. ವಿಭೂತಿ ಡಬ್ಬಿಯ ಪಕ್ಕದಲ್ಲಿ ನೈವೇದ್ಯದ ಕಲ್ಲುಸಕ್ಕರೆಯ ತಗಡಿನ ಡಬ್ಬಿ. ಯುಗಾದಿವರೆಗೆ ಬರಬೇಕಾದದ್ದು ಆಗಲೇ ಮುಕ್ಕಾಲು ಖಾಲಿ. ದೇವರ ಸಕ್ಕರೆ! ಇಷ್ಟು ದಿನ ಅಲ್ಲಿಗೆ ಹುಡುಕುವ ಕೈ ಹೋಗಿರಲಿಲ್ಲ, ಏಕೆಂದರೆ ಅತ್ತೆ ಅದನ್ನು ಮುಟ್ಟಿಯಾರೆಂದು ಕನಸಿನಲ್ಲೂ ಅವಳಿಗೆ ಹೊಳೆದಿರಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ತಂದು ತನ್ನ ಟ್ರಂಕಿನ ತಳಕ್ಕೆ ಸೇರಿಸಿ ಬೀಗ ಹಾಕಿದಳು.

ಅಂದು ಸಂಕ್ರಾಂತಿಯ ಹಿಂದಿನ ದಿನ. ಬೀದಿಯ ಎಲ್ಲ ಮನೆಯಲ್ಲೂ ಎಳ್ಳು ಹುರಿಯುವ ವಾಸನೆ, ಸಕ್ಕರೆ ಅಚ್ಚು ಹೊಯ್ಯುವ ಗಲಾಟೆ. ಅವಳ ಮನೆಯಲ್ಲಿ ಮಾತ್ರ ಪಿಚಕಾರಿ ಕುದಿಯುತ್ತಿತ್ತು. ರಾತ್ರಿ ಇಪ್ಪತ್ತು ಗೆರೆ ಚುಚ್ಚಿ, ಅಂಗೈಯಗಲ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಗುರುಸಿದ್ದಮ್ಮ ಉಂಡು ಎದ್ದರು.

ಆ ರಾತ್ರಿ ‘ಕಟಕ್’ ಸದ್ದು ಬರಲಿಲ್ಲ. ದಾಕ್ಷಾಯಣಿ ಎಚ್ಚರವಾಗಿಯೇ ಇದ್ದಳು. ಅತ್ತೆ ಎದ್ದದ್ದು ಕೇಳಿಸಿತು. ಹಲಗೆಯ ಮೇಲೆ ಕೈ ತಡಕಾಡಿದ್ದು ಕೇಳಿಸಿತು. ಏನೋ ಉರುಳಿ ಬಿತ್ತು. ಇನ್ನೂ ತಡಕಾಟ. ಆಮೇಲೆ ನಿಶ್ಶಬ್ದ. ‘ಹುಡುಕಲಿ, ನಾಳೆ ನೀಲಿ ಬರುತ್ತದೆ’ ಎಂದು ಅವಳು ಮಗ್ಗುಲು ಬದಲಿಸಿದಳು. ಎಷ್ಟೋ ದಿನದ ಮೇಲೆ ಕಣ್ಣು ಎಳೆಯುತ್ತಿತ್ತು.

ಆದರೆ ಹಾಸಿಗೆಗೆ ಮರಳಿದ ಹೆಜ್ಜೆ ಅವಳಿಗೆ ಕೇಳಿಸಿರಲಿಲ್ಲ. ಅದು ನೆನಪಾದದ್ದೇ ತಡ, ಎದ್ದು ಕೂತಳು. ಗೊರಕೆಯಂಥ ಒಂದು ಸದ್ದು ಬರುತ್ತಿತ್ತು. ಅದು ಗೊರಕೆಯಾಗಿರಲಿಲ್ಲ.

ಲಾಟೀನು ತಂದು ನೋಡಿದಳು. ಗುರುಸಿದ್ದಮ್ಮ ಹಲಗೆಯ ಕೆಳಗೆ ಬಿದ್ದಿದ್ದರು. ಚೆಲ್ಲಿದ ವಿಭೂತಿ ಕೈಗೆಲ್ಲ ಮೆತ್ತಿತ್ತು. ಮುಟ್ಟಿದರೆ ಮೈ ಹಿಮದಂತೆ ತಣ್ಣಗೆ, ಸೀರೆ ಹಿಂಡಿದರೆ ನೀರು ಸುರಿಯುವಷ್ಟು ಬೆವರು. ದವಡೆ ಬಿಗಿದಿತ್ತು. ‘ಅತ್ತೆ’ ಎಂದರೆ ಓಗೊಡಲಿಲ್ಲ.

ಬೆಟ್ಟಮ್ಮನ ಒದ್ದೆ ಸೀರೆಯ ಮಾತು, ಡಾಕ್ಟರ ಮಾತು, ನಡುಗಿದ ತುಟಿ, ಎಲ್ಲ ಒಮ್ಮೆಲೇ ಅವಳ ತಲೆಯಲ್ಲಿ ಕೂಡಿಕೊಂಡವು. ನಿಂತು ಅಳಲು ಹೊತ್ತಿರಲಿಲ್ಲ. ಓಡಿದಳು. ಉಗ್ರಾಣದ ಬೀಗ ತೆಗೆದಳು. ಬೆಲ್ಲ ಕುಟ್ಟಿ, ಗಟ್ಟಿ ಪಾನಕ ಮಾಡಿ ತಂದು, ಅತ್ತೆಯನ್ನು ಮಗ್ಗುಲಾಗಿ ಮಲಗಿಸಿ, ಬೆರಳಲ್ಲಿ ಅದ್ದಿ ಅದ್ದಿ ಕೆನ್ನೆಯ ಒಳಗೆ, ಒಸಡಿಗೆ ಸವರಿದಳು. ಬಿಡಲಿಲ್ಲ. ಬೆರಳು ಕಚ್ಚಿದರೂ ಬಿಡಲಿಲ್ಲ. “ನುಂಗಿ ಅತ್ತೆ, ನುಂಗಿ” ಎನ್ನುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಗಂಟಲು ಒಮ್ಮೆ ಮೇಲೆ ಕೆಳಗಾಯಿತು. ಆಮೇಲೆ ಮತ್ತೊಮ್ಮೆ. ಅರ್ಧ ಲೋಟ ಮುಗಿಯುವ ಹೊತ್ತಿಗೆ ಗುರುಸಿದ್ದಮ್ಮ, “ಯಾರವ್ವಾ ಅದು?” ಎಂದರು.

ಒಣ ಸೀರೆ ಉಡಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ದಾಕ್ಷಾಯಣಿ ಕೇಳಿದಳು. “ಎಷ್ಟು ದಿನದಿಂದ ಹೀಗಾಗ್ತಿದೆ?”

“ಲೆಕ್ಕ ಯಾರಿಟ್ರು ಮಗಾ. ನಡುರಾತ್ರೀಲಿ ಎಚ್ಚರಾಯ್ತದೆ. ಎದೆ ಡವಡವ ಅಂತದೆ, ಕೈಕಾಲು ಅದುರ್ತವೆ. ಒಟ್ಟೆ ಒಳ್ಗೆ ಯಾರೋ ಕೆರ್ದಂಗೆ ಅಸಿವು. ಏನಾರಾ ಸೀ ಬಾಯಿಗೆ ಬಿದ್ರೆ ನಿಂತೋಯ್ತದೆ.”

“ನನಗೆ ಹೇಳಬಾರದಿತ್ತೇ?”

“ಏನಂತ ಏಳ್ಲಿ? ಎಂಟನೇ ವರ್ಸಕ್ಕೆ ದೀಕ್ಷೆ ಆದಾಗಿಂದ ಲಿಂಗಕ್ಕೆ ಅರ್ಪಿಸ್ದೆ ಒಂದಗುಳು ತಿಂದೋಳಲ್ಲ. ಐದು ಬಾಣಂತನದಲ್ಲೂ ಇಲ್ಲ. ಈಗ ಕತ್ಲಲ್ಲಿ ಎದ್ದು, ಕೈ ಸೈತ ತೊಳೀದೆ, ದೇವ್ರ ಸಕ್ರೆ ಕದ್ದು ತಿಂತಾವ್ನಿ ಅಂತ ಸೊಸೆ ತಾವ ಏಳ್ಲಾ? ನಾಳೆ ಕಣ್ಣು ಬಂದ್ರೂ ಅಂಗೈ ಮ್ಯಾಲಿನ ದೇವ್ರನ್ನ ನೋಡೋಕೆ ಮಖ ಬ್ಯಾಡ್ವಾ ನಂಗೆ?”

ದಾಕ್ಷಾಯಣಿ ತನ್ನ ಮಾತುಗಳನ್ನು ಒಂದೊಂದಾಗಿ ಆರಿಸಿ ಇಟ್ಟಳು. “ಅದು ಆಸೆ ಅಲ್ಲ ಅತ್ತೆ. ನಾನು ರಾತ್ರಿ ಚುಚ್ಚೋ ಔಷಧಿ ಹೆಚ್ಚಾಗಿ ನಿಮ್ಮ ಮೈಯಲ್ಲಿದ್ದ ಸಕ್ಕರೆಯನ್ನೆಲ್ಲ ಬರಿದು ಮಾಡ್ತಿತ್ತು. ನೀವು ತಿಂದು ಜೀವ ಉಳಿಸಿಕೊಂಡಿರಿ. ತಿಂದದ್ದಕ್ಕೆ ಬೆಳಿಗ್ಗೆ ಕೆಂಪು ಬಂತು. ಕೆಂಪು ಕಂಡು ನಾನು ಔಷಧಿ ಇನ್ನೂ ಹೆಚ್ಚಿಸಿದೆ. ಇವತ್ತು ಆ ಡಬ್ಬಿಯನ್ನೂ ಕಿತ್ತುಕೊಂಡೆ.”

“ಅಂಗಾರೆ ತಪ್ಪು ನಂದಲ್ವಾ?”

“ನನ್ನದು.”

ಗುರುಸಿದ್ದಮ್ಮನವರ ಬಾಯಿಂದ ನಗು ಹೊರಟಿತು. “ಅತ್ತೇನ ಬಾವಿಗೆ ತಳ್ಳೋ ಕಾಲ ಓಯ್ತು ಬುಡು. ಈಗ ಸೂಜಿ ಬಂದೈತೆ.”

ದಾಕ್ಷಾಯಣಿಗೆ ಆಗ ಅಳು ಬಂತು. ಅತ್ತೆ ಅವಳ ತಲೆ ತಡವಿ, “ಅಳ್ತಾ ಕೂತ್ರೆ ಏಳು ದಿನ ಸಿಕ್ಕಲ್ಲ ಕಣಮ್ಮಿ. ಎದ್ದೇಳು” ಎಂದರು.

ಬೆಳಗಿನ ಮೊದಲ ಬಸ್ಸಿನ ಡ್ರೈವರ್ ಕೆಂಪಣ್ಣನ ಕೈಯಲ್ಲಿ ಅವಳು ಹಾಸನಕ್ಕೆ ಚೀಟಿ ಕಳಿಸಿದಳು. ‘ರಾತ್ರಿ ಎರಡು ಗಂಟೆಯ ಸುಮಾರಿಗೆ ವಿಪರೀತ ಬೆವರು, ನಡುಕ. ನಿನ್ನೆ ಎಚ್ಚರ ತಪ್ಪಿತ್ತು. ಹಿಂದಿನ ಹಲವು ರಾತ್ರಿಗಳಲ್ಲೂ ಸಕ್ಕರೆ ಬೇಕಾಯಿತು. ಬೆಳಗಿನ ಕೆಂಪಿಗೆ ಅದೇ ಕಾರಣವಿರಬೇಕು.’ ಸಂಜೆಯ ಬಸ್ಸಿಗೆ ಉತ್ತರ ಬಂತು. ಡಾಕ್ಟರು ದಪ್ಪ ಅಕ್ಷರದಲ್ಲಿ ಬರೆದಿದ್ದರು: ‘ರಾತ್ರಿಯ ಔಷಧಿಯನ್ನು ಇಂದೇ ಹತ್ತು ಗೆರೆಗೆ ಇಳಿಸಿ. ರಾತ್ರಿ ಎರಡಕ್ಕೆ ಎದ್ದು ಮೈ ಮುಟ್ಟಿ ನೋಡಿ. ಕೆಂಪು ಕಂಡರೂ ನನ್ನನ್ನು ಕೇಳದೆ ಹೆಚ್ಚಿಸಬೇಡಿ.’

ಇನ್ನೊಂದು ತೊಡಕನ್ನು ಗುರುಸಿದ್ದಮ್ಮನವರೇ ಬಿಡಿಸಿಕೊಂಡರು. ಸಂಜೆಯ ಪೂಜೆಯಲ್ಲಿ ನಾಲ್ಕು ಹರಳು ಕಲ್ಲುಸಕ್ಕರೆಯನ್ನು ಲಿಂಗಕ್ಕೆ ಅರ್ಪಿಸಿ, ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ದಿಂಬಿನಡಿ ಇಟ್ಟುಕೊಂಡರು. “ಈಗಿದು ಪ್ರಸಾದ. ಬೇಕಾದ್ರೆ ತಿಂತೀನಿ, ಬ್ಯಾಡ್ದಿದ್ರೆ ಬೆಳಿಗ್ಗೆ ಇರುವೆಗಾಕ್ತೀನಿ.”

ಮರುಬೆಳಿಗ್ಗೆ ಕೊಳವೆ ಹಳದಿ ತೋರಿಸಿತು. ಅದರ ಮರುದಿನವೂ ಹಳದಿಯೇ, ಆದರೆ ಅಂಚಿನಲ್ಲಿ ಹಸಿರಿತ್ತು. ಇನ್ನೆರಡು ಗೆರೆ ಹಾಕಿಬಿಡಲೇ ಎಂದು ಅವಳ ಕೈ ಎಳೆಯಿತು. ಪಿಚಕಾರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಕೈ ಕಟ್ಟಿ ಕೂತಳು. ರಾತ್ರಿ ಎರಡಕ್ಕೆ ಎದ್ದು ಅತ್ತೆಯ ಕತ್ತಿನ ಹಿಂಬದಿ ಮುಟ್ಟಿದಳು. ಒಣಗಿತ್ತು. ಮೂರನೆಯ ಬೆಳಗು ತಿಳಿಹಸಿರು. ಅಲ್ಲಿಂದ ಅವಳು ಎಣಿಸತೊಡಗಿದಳು. ಐದನೆಯ ಎಣಿಕೆಯ ದಿನ ಬೆಟ್ಟಮ್ಮ, “ದೊಡ್ಡವ್ವಾರ ಸೀರೆ ಒಣ್ಗೈತೆ ಕಣವ್ವ, ಸೋಪು ಉಳೀತು!” ಎಂದು ಸಾರಿದಳು. ಇರುವೆಗಳಿಗೆ ದಿನವೂ ನಾಲ್ಕು ಹರಳು ಸಿಗುತ್ತಿತ್ತು.

ಏಳನೆಯ ಬೆಳಗು ಕೊಳವೆ ಎಷ್ಟು ಕುದಿದರೂ ನೀಲಿ ನೀಲಿಯಾಗಿಯೇ ಉಳಿಯಿತು. ಮರುದಿನದ ಬಸ್ಸಿಗೆ ಹೊರಡಬೇಕು. ದಾಕ್ಷಾಯಣಿ ಡಾಕ್ಟರಿಗೆ ತೋರಿಸಬೇಕಾದ ಪುಸ್ತಕ ತೆರೆದು, ‘ಕದ್ದು ತಿಂದಿದ್ದಾರೆ’ ಎಂದು ಬರೆದಿದ್ದ ಹನ್ನೆರಡು ಸಾಲನ್ನೂ ಅಕ್ಷರ ಕಾಣದ ಹಾಗೆ ಹೊಡೆದುಹಾಕಿದಳು. ಪ್ರತಿಯೊಂದರ ಮೇಲೂ ‘ರಾತ್ರಿಯ ಔಷಧಿ ಹೆಚ್ಚಾಗಿತ್ತು’ ಎಂದು ಬರೆದಳು.

ಪಾಲಾಕ್ಷ ಹಿಂದಿನಿಂದ ಬಂದು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದ. “ಭಲೆ! ಕೊನೆಗೂ ಕಳ್ಳತನ ಹಿಡಿದೆ ಅನ್ನು. ಎಲ್ಲಿ ಬಚ್ಚಿಟ್ಟಿದ್ದಳು ಅವ್ವ? ಏನು ತಿಂತಿದ್ದಳು?”

ಕೋಣೆಯ ಬಾಗಿಲು ತೆರೆದಿತ್ತು. ಗುರುಸಿದ್ದಮ್ಮ ಪೂಜೆಗೆ ಕೂತಿದ್ದರು. ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಲಿಂಗವನ್ನು ಸವರುತ್ತಿದ್ದ ಬಲಗೈ ಬೆರಳು ಈ ಮಾತು ಕೇಳಿ ನಿಂತಿತು.

“ಯಾರೂ ಏನೂ ತಿಂದಿರಲಿಲ್ಲ ರೀ” ಎಂದಳು ದಾಕ್ಷಾಯಣಿ. “ಔಷಧಿಯ ಲೆಕ್ಕ ನಾನೇ ತಪ್ಪಿದ್ದೆ.”

ಒಳಗೆ ಬೆರಳು ಮತ್ತೆ ಆಡತೊಡಗಿತು. ಅವಳು ಪುಸ್ತಕ ಮುಚ್ಚಿ ಪ್ರಯಾಣದ ಚೀಲಕ್ಕೆ ಹಾಕಿದಳು. ಔಷಧಿಯ ಲೆಕ್ಕ ಡಾಕ್ಟರಿಗೆ ಬೇಕು, ಅದು ಪುಸ್ತಕದಲ್ಲಿದೆ. ದೇವರ ಸಕ್ಕರೆಯ ಮಾತನ್ನು ಗಂಡನಿಗಾಗಲಿ, ಡಾಕ್ಟರಿಗಾಗಲಿ, ತವರಿನ ತಾಯಿಗಾಗಲಿ, ಯಾರಿಗೂ ಎಂದೆಂದಿಗೂ ಹೇಳಕೂಡದೆಂದು ನಿಶ್ಚಯಿಸಿ, ನಾಳೆಯ ಸೂಜಿ ಕುದಿಸಲು ನೀರಿಟ್ಟಳು.